ತಲಪಾಡಿಯ ಎರಡೂ ಕಡೆ ಒಂದೇ ಮಾತ್ರೆ

ಕ್ಷಯಕ್ಕೆ ಸರಕಾರ ಕೊಡುವ ಮಾತ್ರೆ ಕೇರಳದ ಮಂಜೇಶ್ವರದಲ್ಲೂ ತಲಪಾಡಿ ಗಡಿಯಾಚೆ ಕರ್ನಾಟಕದ ಉಳ್ಳಾಲದಲ್ಲೂ ಒಂದೇ. ಒಂದರೊಳಗೆ ನಾಲ್ಕು ಮದ್ದು: ಐಸೊನಿಯಾಜಿಡ್ 75 ಮಿಲಿಗ್ರಾಂ, ರಿಫಾಂಪಿಸಿನ್ 150, ಪಿರಾಜಿನಮೈಡ್ 400, ಎಥಾಂಬ್ಯುಟಾಲ್ 275. ಮೊದಲ 56 ದಿನ ಇದು. ಆಮೇಲಿನ 112 ದಿನ ಪಿರಾಜಿನಮೈಡ್ ಬಿಟ್ಟು ಉಳಿದ ಮೂರು. ರೋಗಾಣು ಈ ಮದ್ದುಗಳಿಗೆ ಮಣಿಯುವಂಥದ್ದಾಗಿದ್ದರೆ, ಅಷ್ಟೂ ದಿನದ ಮಾತ್ರೆ ಹೊಟ್ಟೆಗೆ ಹೋದರೆ, ಬಹುಪಾಲು ಎಲ್ಲರೂ ಗುಣವಾಗುತ್ತಾರೆ. ಆದರೂ ಕೆಲವರು ಎರಡನೇ ತಿಂಗಳು ದಾಟುವುದಿಲ್ಲ, ಕೆಲವರು ನಡುವೆ ಕಾಣೆಯಾಗುತ್ತಾರೆ, ಕೆಲವರಿಗೆ ಗುಣವಾದ ವರ್ಷದೊಳಗೆ ಮತ್ತೆ ಕಫದಲ್ಲಿ ರಕ್ತ.

ಕಾರಣ ಕೇಳಿದರೆ ಆಸ್ಪತ್ರೆಯಲ್ಲೂ ಊರಲ್ಲೂ ಸಿಗುವ ಉತ್ತರ ಒಂದೇ: "ಅವ ಮದ್ದು ಸರಿಯಾಗಿ ತಿನ್ನಲಿಲ್ಲ." ಇದು ಅರ್ಧ ಸತ್ಯ. ಯಾರ ಚಿಕಿತ್ಸೆ ಕೆಡಬಹುದು ಎಂಬುದು ಹೆಚ್ಚಿನವರಲ್ಲಿ ಮಾತ್ರೆಯ ಪಟ್ಟಿ ಕೈಗೆ ಕೊಡುವ ದಿನವೇ ಗೊತ್ತಾಗುತ್ತದೆ. ಅದಕ್ಕೆ ಬೇಕಾದದ್ದು ತೂಕದ ಯಂತ್ರ, ಎತ್ತರ ಅಳೆಯುವ ಪಟ್ಟಿ, ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್, ಶುಗರ್ ನೋಡುವ ಸಣ್ಣ ಯಂತ್ರ, ಮತ್ತೆ ಐದಾರು ಪ್ರಶ್ನೆ. ಎಲ್ಲ ಸೇರಿ ಅರ್ಧ ಗಂಟೆಯ ಕೆಲಸ. ಆ ಅರ್ಧ ಗಂಟೆ ಉಳಿಸಿ, ಮೂರು ತಿಂಗಳ ಬಳಿಕ ರೋಗಿಯ ಮನೆ ಹುಡುಕಿಕೊಂಡು ಹೋಗಿ ಗದರಿಸುವುದು ನಮ್ಮ ವ್ಯವಸ್ಥೆಯ ಹಳೆಯ ರೂಢಿ.

ಸಾವಿನ ವಿಷಯದಿಂದಲೇ ಶುರು ಮಾಡೋಣ. ಕ್ಷಯದ ಚಿಕಿತ್ಸೆಯಲ್ಲಿದ್ದು ಸಾಯುವವರಲ್ಲಿ ಹೆಚ್ಚಿನವರು ಸಾಯುವುದು ಮೊದಲ ಎರಡು ತಿಂಗಳಲ್ಲಿ, ಅದರಲ್ಲೂ ಮೊದಲ ಕೆಲವು ವಾರಗಳಲ್ಲಿ. ಅಂದರೆ ಮದ್ದು ಬಿಟ್ಟು ಸತ್ತವರಲ್ಲ ಇವರು. ಮದ್ದು ತಿನ್ನುತ್ತಲೇ ಸತ್ತವರು, ತಡವಾಗಿ ಬಂದವರು, ಮೈಯಲ್ಲಿ ಏನೂ ಉಳಿಯದೆ ಬಂದವರು. ತಮಿಳುನಾಡು 2022ರ ಏಪ್ರಿಲಿನಲ್ಲಿ ಇದಕ್ಕೊಂದು ಸರಳ ಜರಡಿ ತಂದಿತು. ಪತ್ತೆಯಾದ ಪ್ರತಿಯೊಬ್ಬರಲ್ಲೂ ನೋಡುವ ಸಂಗತಿಗಳು ಕೆಲವೇ: ಎತ್ತರಕ್ಕೆ ತಕ್ಕ ತೂಕದ ಸೂಚ್ಯಂಕ, ಅಂದರೆ ಬಿಎಂಐ, 14ಕ್ಕೆ ಇಳಿದಿದೆಯೇ, 16ರ ಒಳಗಿದ್ದು ಕಾಲು ಬಾತಿದೆಯೇ, ಉಸಿರು ನಿಮಿಷಕ್ಕೆ 24ಕ್ಕಿಂತ ಹೆಚ್ಚಿದೆಯೇ, ಆಕ್ಸಿಜನ್ 94ಕ್ಕಿಂತ ಕಡಿಮೆಯೇ, ಆಸರೆ ಇಲ್ಲದೆ ಎದ್ದು ನಿಲ್ಲಲು ಆಗುತ್ತದೆಯೇ. ಇವುಗಳಲ್ಲಿ ಒಂದು ಕಂಡರೂ ಮಾತ್ರೆ ಕೊಟ್ಟು ಮನೆಗೆ ಕಳುಹಿಸುವಂತಿಲ್ಲ, ದಾಖಲಾತಿಯ ವಿಚಾರ ನೋಡಬೇಕು. ಎಕ್ಸ್‌ರೇ ಬೇಡ, ರಕ್ತ ಬೇಡ, ತಜ್ಞರು ಬೇಡ. ಆಶಾ ಕಾರ್ಯಕರ್ತೆಯೂ ಮಾಡಬಹುದಾದ ಪರೀಕ್ಷೆ.

ಕಾಸರಗೋಡಿನ ಮನೆಗಳಲ್ಲಿ ಈ ಪಟ್ಟಿಯನ್ನು ಗೋಡೆಗೆ ಅಂಟಿಸಿಟ್ಟರೂ ತಪ್ಪಿಲ್ಲ. 150 ಸೆಂಟಿಮೀಟರ್ ಎತ್ತರದ ಹೆಂಗಸಿನ ತೂಕ 32 ಕೆಜಿ ಎಂದರೆ ಸೂಚ್ಯಂಕ 14ರ ಆಸುಪಾಸು. ಎಣ್ಮಕಜೆಯದೋ ಪೈವಳಿಕೆಯದೋ ಗುಡ್ಡದ ಮೇಲಿನ ಮನೆಯಲ್ಲಿ "ಅವಳು ಮೊದಲಿನಿಂದಲೂ ಸಪೂರ" ಎಂದು ಹೇಳಿ ಮುಗಿಸುವ ತೂಕ ಅದು. ಕೊರಗ ಕುಟುಂಬಗಳಂಥ ಕಡೆ, ಎಲ್ಲರೂ ಸಪೂರವಾಗಿರುವಲ್ಲಿ, ಒಬ್ಬರ ಸೊರಗುವಿಕೆ ಕಣ್ಣಿಗೆ ಹೊಡೆಯುವುದೇ ಇಲ್ಲ. ಯಂತ್ರಕ್ಕೆ ಮಾತ್ರ ಹೊಡೆಯುತ್ತದೆ.

ತೂಕ ಇನ್ನೊಂದು ಕಾರಣಕ್ಕೂ ಬೇಕು. ದಿನಕ್ಕೆ ಎಷ್ಟು ಮಾತ್ರೆ ಎಂಬುದು ತೂಕದ ಲೆಕ್ಕ: 25ರಿಂದ 34 ಕೆಜಿಗೆ ಎರಡು, 35ರಿಂದ 49ಕ್ಕೆ ಮೂರು, 50ರಿಂದ 64ಕ್ಕೆ ನಾಲ್ಕು, 65ರಿಂದ 75ಕ್ಕೆ ಐದು, ಅದಕ್ಕೂ ಮೇಲೆ ಆರು. ಅಂದಾಜಿಗೆ "50" ಎಂದು ಬರೆದರೆ 46 ಕೆಜಿಯ ಮನುಷ್ಯನಿಗೆ ಒಂದು ಮಾತ್ರೆ ಹೆಚ್ಚಾಗಿ ಹೊಟ್ಟೆ ತೊಳಸುತ್ತದೆ, ಯಕೃತ್ತಿಗೂ (ಲಿವರಿಗೂ) ಭಾರ. ಕಡಿಮೆ ಬರೆದರೆ ರೋಗಾಣು ಅರೆಬರೆ ಸಾಯುತ್ತದೆ. ಚಪ್ಪಲಿ, ಕಿಸೆಯ ಮೊಬೈಲು ತೆಗೆಸಿ ತೂಗಬೇಕು. ತಿಂಗಳಿಗೊಮ್ಮೆ ಅದೇ ಯಂತ್ರದಲ್ಲಿ ಮತ್ತೆ ತೂಗಬೇಕು. ತೂಕ 5 ಕೆಜಿಯಷ್ಟು ಏರಿ ಮೇಲಿನ ಸಾಲಿಗೆ ದಾಟಿದರೆ ಮಾತ್ರೆಯ ಲೆಕ್ಕವೂ ಬದಲಾಗುತ್ತದೆ. ಇದನ್ನು ಮರೆಯುವುದು ಬಹಳ ಮಾಮೂಲು, ಯಾಕೆಂದರೆ ತೂಕ ಏರಿದ ರೋಗಿಯ ಬಗ್ಗೆ ಯಾರಿಗೂ ಚಿಂತೆ ಇರುವುದಿಲ್ಲ.

ಮದ್ದಿನ ಜೊತೆ ಊಟಕ್ಕೆ ಎಷ್ಟು ಬೆಲೆ ಎಂಬುದರ ಬಗ್ಗೆ ನಮ್ಮ ದೇಶದ ತಿಳುವಳಿಕೆ ಒಂದು ಸುತ್ತು ಹೊಡೆದು ಬಂದಿದೆ. 1950ರ ದಶಕದ ಕೊನೆಯಲ್ಲಿ ಮದ್ರಾಸಿನಲ್ಲಿ ನಡೆದ ಪ್ರಸಿದ್ಧ ಅಧ್ಯಯನ ತೋರಿಸಿದ್ದು, ಸ್ಯಾನಟೋರಿಯಮ್ಮಿನ ಹಾಸಿಗೆ, ಒಳ್ಳೆಯ ಊಟ, ವಿಶ್ರಾಂತಿ ಇಲ್ಲದೆ ಬಡವರ ಮನೆಯಲ್ಲೇ ಮದ್ದು ತಿಂದರೂ ಗುಣವಾಗಬಹುದು ಎಂದು. ಸ್ಯಾನಟೋರಿಯಂ ಯುಗ ಮುಗಿದದ್ದೇ ಅದರಿಂದ. ಆದರೆ ಅದರ ನೆರಳಲ್ಲಿ "ಹಾಗಾದರೆ ಊಟ ಮುಖ್ಯವಲ್ಲ" ಎಂಬ ಮಾತೂ ಬೆಳೆಯಿತು. ಅದನ್ನು ತಿದ್ದಿದವರು ನಮ್ಮ ಪಕ್ಕದವರೇ. ದೇರಳಕಟ್ಟೆಯ ಯೆನೆಪೋಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ್ ಭಾರ್ಗವ ಮತ್ತು ಡಾ. ಮಾಧವಿ ಭಾರ್ಗವ ಅವರ ತಂಡ ಜಾರ್ಖಂಡಿನ ನಾಲ್ಕು ಜಿಲ್ಲೆಗಳಲ್ಲಿ 2,800 ರೋಗಿಗಳಿಗೆ ಆರು ತಿಂಗಳು, ತಿಂಗಳಿಗೆ 10 ಕೆಜಿಯ ಆಹಾರದ ಚೀಲ ಕೊಟ್ಟು ನೋಡಿತು: ಅಕ್ಕಿ, ಬೇಳೆ, ಹಾಲಿನ ಪುಡಿ, ಎಣ್ಣೆ, ಜೊತೆಗೆ ವಿಟಮಿನ್ ಮಾತ್ರೆ. ದಿನಕ್ಕೆ ಸುಮಾರು 1200 ಕ್ಯಾಲರಿ, 52 ಗ್ರಾಂ ಪ್ರೋಟೀನ್. 2023ರ ಆಗಸ್ಟಿನಲ್ಲಿ ಫಲಿತಾಂಶ ಹೊರಬಂತು. ಮೊದಲ ಎರಡು ತಿಂಗಳಲ್ಲಿ ತೂಕ 5% ಏರಿದವರಲ್ಲಿ ಸಾವಿನ ಅಪಾಯ ಸುಮಾರು 60% ಕಡಿಮೆ. ಮನೆಮಂದಿಗೂ ರೇಷನ್ ಕೊಟ್ಟಲ್ಲಿ ಅವರಿಗೆ ಹೊಸದಾಗಿ ಕ್ಷಯ ತಗಲುವುದೂ ಇಳಿಯಿತು.

ಅಂದರೆ 40 ಕೆಜಿಯ ಮನುಷ್ಯನಿಗೆ ಮೊದಲ ಎರಡು ತಿಂಗಳ ಗುರಿ 2 ಕೆಜಿ. ಅಷ್ಟೂ ಏರದಿದ್ದರೆ ಏನೋ ಸರಿ ಇಲ್ಲ: ಊಟ ಸಾಲದು, ಮದ್ದು ಹೋಗುತ್ತಿಲ್ಲ, ಶುಗರ್ ಇದೆ, ಕುಡಿತ ಇದೆ, ಅಥವಾ ರೋಗಾಣು ಮದ್ದಿಗೆ ಬಗ್ಗುತ್ತಿಲ್ಲ. ಕಫ ಪರೀಕ್ಷೆಗಿಂತ ಮೊದಲೇ ದೂರು ಹೇಳುವುದು ತೂಕ.

ನಮ್ಮ ಕಡೆಯ ಕುಚ್ಚಲಕ್ಕಿ ಗಂಜಿ, ಉಪ್ಪಿನಕಾಯಿ, ಒಂದು ಚೂರು ಒಣಮೀನು ಹೊಟ್ಟೆ ತುಂಬಿಸುತ್ತದೆ, ಪ್ರೋಟೀನ್ ತುಂಬಿಸುವುದಿಲ್ಲ. ಅದೇ ಗಂಜಿಗೆ ಒಂದು ಹಿಡಿ ಹೆಸರುಕಾಳು ಹಾಕಿ ಬೇಯಿಸಿ, ದಿನಕ್ಕೆ ಎರಡು ಮೊಟ್ಟೆ, ಇಲ್ಲವೇ ನಾಲ್ಕೈದು ಬೂತಾಯಿ ಮೀನು, ಸಂಜೆ ನೆಲಗಡಲೆ ಸೇರಿದರೆ ಲೆಕ್ಕ ಹತ್ತಿರ ಬರುತ್ತದೆ. ಕ್ಷಯ ರೋಗಿಯ ಊಟಕ್ಕೆಂದು ಸರಕಾರ ಕೊಡುವ ನಿಕ್ಷಯ್ ಪೋಷಣ್ ಯೋಜನೆಯ ಹಣ 2018ರಲ್ಲಿ ತಿಂಗಳಿಗೆ 500 ರೂಪಾಯಿ ಇತ್ತು, 2024ರ ನವೆಂಬರಿನಿಂದ 1000. ದಿನಕ್ಕೆ 33 ರೂಪಾಯಿ. ಮೊಟ್ಟೆ, ಕಾಳಿಗೆ ಸಾಕು, ಮನೆಯವರೆಲ್ಲ ಸೇರಿ ತಿಂದರೆ ಸಾಲದು. ಆ ಹಣ ಮೊದಲ ತಿಂಗಳಲ್ಲೇ ಖಾತೆಗೆ ಬಂದರೆ ಮದ್ದಿನಷ್ಟೇ ಕೆಲಸ ಮಾಡುತ್ತದೆ, ಐದನೇ ತಿಂಗಳಲ್ಲಿ ಬಂದರೆ ಸಾಲ ತೀರಿಸಲು ಹೋಗುತ್ತದೆ. ಆದ್ದರಿಂದ ಬ್ಯಾಂಕ್ ಪುಸ್ತಕದ ಪ್ರತಿಯನ್ನು ಮೊದಲ ದಿನವೇ ಕೇಳಬೇಕು. ನಿಂತುಹೋದ ಖಾತೆ, ಆಧಾರಿನಲ್ಲೊಂದು ಪುಸ್ತಕದಲ್ಲೊಂದು ಹೆಸರು, ಇವು ಹಣ ತಡೆಯುವ ಮಾಮೂಲು ಕಾರಣಗಳು. ಖಾತೆ ಮಂಗಳೂರಿನ ಶಾಖೆಯಲ್ಲಿದ್ದರೂ ಅಡ್ಡಿಯಿಲ್ಲ.

ಮೀನಿನ ಬಗ್ಗೆ ಒಂದು ಎಚ್ಚರಿಕೆ, ಕರಾವಳಿಯವರಿಗೆ ಇದು ತಿಳಿದಿರಲೇಬೇಕು. ಬಂಗುಡೆ, ಬೂತಾಯಿ, ಕೇದರ್ ಜಾತಿಯ ಮೀನುಗಳು ಐಸಿಲ್ಲದೆ ಕೂತರೆ ಅವುಗಳಲ್ಲಿ ಹಿಸ್ಟಮಿನ್ ಎಂಬ ವಸ್ತು ಹೆಚ್ಚುತ್ತದೆ. ಬೇಯಿಸಿದರೂ ಅದು ಹೋಗದು. ಅದನ್ನು ಕರಗಿಸುವ ದೇಹದ ಶಕ್ತಿಯನ್ನು ಐಸೊನಿಯಾಜಿಡ್ ಕುಗ್ಗಿಸುತ್ತದೆ. ಆಗ ಊಟವಾಗಿ ಸ್ವಲ್ಪ ಹೊತ್ತಿಗೆ ಮುಖ ಕೆಂಪಗಾಗಿ, ತಲೆ ಸಿಡಿದು, ಎದೆ ಡವಡವ ಹೊಡೆದುಕೊಂಡು, ಮೈ ತುರಿಸುತ್ತದೆ. "ಮಾತ್ರೆ ಆಗಿಬರಲಿಲ್ಲ" ಎಂದು ಮದ್ದು ಬಿಡುತ್ತಾರೆ. ಬಿಡಬೇಕಾದದ್ದು ಹಳಸಿದ ಮೀನನ್ನು. ತಾಜಾ ಮೀನು ಒಳ್ಳೆಯದೇ. ಹೀಗಾದಾಗ ವೈದ್ಯರಿಗೆ ಹಿಂದಿನ ಊಟ ಏನಿತ್ತು ಎಂದೂ ಹೇಳಬೇಕು.

ಶುಗರ್ ಕೇರಳದ ಕ್ಷಯದ ದೊಡ್ಡ ಕತೆ. 2012ರಲ್ಲಿ ಪ್ರಕಟವಾದ ಅಧ್ಯಯನವೊಂದು ಕೇರಳದ ಕ್ಷಯ ರೋಗಿಗಳಲ್ಲಿ 44% ಮಂದಿಗೆ ಮಧುಮೇಹ ಕಂಡಿತು. ಅವರಲ್ಲಿ ಹೆಚ್ಚುಕಡಿಮೆ ಅರ್ಧ ಜನಕ್ಕೆ ಶುಗರ್ ಇದೆ ಎಂದು ಗೊತ್ತಾದದ್ದೇ ಆಗ. ಮಧುಮೇಹ ಇದ್ದವರಲ್ಲಿ ಕ್ಷಯ ಬರುವ ಸಾಧ್ಯತೆ ಸುಮಾರು ಮೂರು ಪಟ್ಟು, ಚಿಕಿತ್ಸೆಯಲ್ಲಿ ಸಾವಿನ ಸಾಧ್ಯತೆ ಸುಮಾರು ಎರಡು ಪಟ್ಟು, ಮತ್ತೆ ಮರಳುವುದೂ ಹೆಚ್ಚು. ರಕ್ತದಲ್ಲಿ ಸಕ್ಕರೆ ಏರಿರುವಾಗ ರೋಗಾಣುವನ್ನು ನುಂಗಬೇಕಾದ ಜೀವಕೋಶಗಳು ಮಂದವಾಗುತ್ತವೆ. ಕಫದಿಂದ ರೋಗಾಣು ಮಾಯವಾಗುವುದು ನಿಧಾನವಾಗುತ್ತದೆ. ಎಕ್ಸ್‌ರೇಯಲ್ಲಿ ಗುರುತೂ ಕೆಲವೊಮ್ಮೆ ಶ್ವಾಸಕೋಶದ ಕೆಳಭಾಗದಲ್ಲಿರುತ್ತದೆ, ನ್ಯುಮೋನಿಯಾ ಎಂದು ಹಾದಿ ತಪ್ಪಿಸುತ್ತದೆ.

ಇಲ್ಲಿ ಒಂದು ಸೂಕ್ಷ್ಮ ಇದೆ, ಶುಗರಿನ ಡಾಕ್ಟರಿಗೂ ಕ್ಷಯದ ಡಾಕ್ಟರಿಗೂ ನಡುವೆ ಬಿದ್ದುಹೋಗುವಂಥದ್ದು. ರಿಫಾಂಪಿಸಿನ್ ಯಕೃತ್ತಿನ ಕಿಣ್ವಗಳನ್ನು ಚುರುಕುಗೊಳಿಸಿ ಬೇರೆ ಮದ್ದುಗಳನ್ನು ಬೇಗ ಹೊರಹಾಕಿಸುತ್ತದೆ. ಗ್ಲಿಮೆಪಿರೈಡ್, ಗ್ಲಿಬೆನ್‌ಕ್ಲಮೈಡ್‌ನಂಥ ಶುಗರ್ ಮಾತ್ರೆಗಳ ಬಲ ಇಳಿಯುತ್ತದೆ. ಮೊದಲು 140 ಇದ್ದ ಶುಗರ್ ಮೂರನೇ ವಾರಕ್ಕೆ 280. ರೋಗಿ ಪಥ್ಯ ಮುರಿದ ಎಂಬ ಆರೋಪ. ಅಸಲಿಗೆ ಮಾತ್ರೆ ಮಾತ್ರೆಯನ್ನು ತಿಂದಿದೆ. ಮೆಟ್‌ಫಾರ್ಮಿನ್‌ಗೆ ಈ ತೊಂದರೆ ಅಷ್ಟಿಲ್ಲ, ಇನ್ಸುಲಿನ್‌ಗೆ ಇಲ್ಲ. ಮೊದಲ ಎರಡು ತಿಂಗಳು ಇನ್ಸುಲಿನ್ ಬರೆದರೆ "ಇನ್ನು ಆಯುಷ್ಯವಿಡೀ ಚುಚ್ಚಬೇಕೋ" ಎಂದು ಹೆದರಬೇಕಾಗಿಲ್ಲ. ಬಹಳ ಮಂದಿಗೆ ರೋಗ ತಗ್ಗಿದ ಮೇಲೆ ಅದೂ ತಗ್ಗುತ್ತದೆ. ಹಾಗೆಯೇ ಆರನೇ ತಿಂಗಳು ಕಳೆದು ರಿಫಾಂಪಿಸಿನ್ ನಿಂತಾಗ ಏರಿಸಿದ ಶುಗರ್ ಮಾತ್ರೆ ಹಾಗೇ ಉಳಿದರೆ ಸಕ್ಕರೆ ಪಟ್ಟನೆ ಕುಸಿಯಬಹುದು. ಇದೇ ರಿಫಾಂಪಿಸಿನ್ ಗರ್ಭನಿರೋಧಕ ಮಾತ್ರೆಯನ್ನೂ, ಹೃದಯದ ರೋಗಿಗಳು ತಿನ್ನುವ ವಾರ್ಫರಿನ್‌ನನ್ನೂ ದುರ್ಬಲಗೊಳಿಸುತ್ತದೆ. ಬೇರೆ ಯಾವ ಮದ್ದು ಇದ್ದರೂ ಚೀಲ ಸಮೇತ ತಂದು ಮೇಜಿನ ಮೇಲೆ ಸುರಿಯುವುದೇ ಒಳ್ಳೆಯದು.

ಇನ್ನು ಕುಡಿತ. ಐಸೊನಿಯಾಜಿಡ್, ರಿಫಾಂಪಿಸಿನ್, ಪಿರಾಜಿನಮೈಡ್, ಮೂರೂ ಯಕೃತ್ತಿನ ಮೇಲೆ ಭಾರ ಹಾಕುವ ಮದ್ದುಗಳು. ಅದಕ್ಕೆ ದಿನಾ ಬ್ರಾಂದಿ ಸೇರಿದರೆ ಕಾಮಾಲೆ ಬರುವ ಸಾಧ್ಯತೆ ಏರುತ್ತದೆ. ಆದರೆ ಕುಡಿಯುವವರ ಚಿಕಿತ್ಸೆ ಕೆಡುವುದು ಕಾಮಾಲೆಯಿಂದ ಮಾತ್ರವಲ್ಲ, ಮದ್ದು ತಪ್ಪುವುದರಿಂದ. "ಕುಡಿದರೆ ಈ ಮಾತ್ರೆ ವಿಷ" ಎಂದು ಹೆದರಿಸಿ ಕಳುಹಿಸಿದಾಗ ಮನುಷ್ಯ ಕುಡಿತ ಬಿಡುವುದಿಲ್ಲ, ಕುಡಿದ ದಿನ ಮಾತ್ರೆ ಬಿಡುತ್ತಾನೆ. ಮುರಕಲ್ಲಿನ ಕೋರೆಯಲ್ಲಿ, ಮೀನಿನ ಬೋಟಿನಲ್ಲಿ ದುಡಿಯುವವನಿಗೆ ಕುಡಿಯದ ಸಂಜೆ ಎಷ್ಟಿರುತ್ತದೆ? ವಾರಕ್ಕೆ ನಾಲ್ಕು ದಿನ ಮಾತ್ರೆ ತಪ್ಪಿತು. ಹೆದರಿಸುವುದಕ್ಕಿಂತ ಮಾತ್ರೆಯನ್ನು ಬೆಳಗ್ಗೆ ಕೆಲಸಕ್ಕೆ ಹೊರಡುವ ಮೊದಲು ಇಡುವುದು, "ಕುಡಿಯುತ್ತೀರಾ" ಎನ್ನುವ ಬದಲು "ದಿನಕ್ಕೆ ಎಷ್ಟು" ಎಂದು ಕೇಳುವುದು, ಕುಡಿದೆ ಎಂಬ ಕಾರಣಕ್ಕೆ ಮಾತ್ರೆ ತಪ್ಪಿಸಬೇಡ ಎಂದು ಬಾಯಿಬಿಟ್ಟು ಹೇಳುವುದು ಹೆಚ್ಚು ಉಪಯೋಗ. ಯಕೃತ್ತಿನ ರಕ್ತ ಪರೀಕ್ಷೆಯನ್ನು ಇಂಥವರಲ್ಲಿ ಮೊದಲೇ ಮಾಡಿಟ್ಟರೆ ಮುಂದೆ ಹೋಲಿಸಿ ನೋಡಲು ಒಂದು ಅಂಕಿ ಕೈಯಲ್ಲಿರುತ್ತದೆ.

ಕಾಮಾಲೆಯ ಲಕ್ಷಣ ಗುರುತಿಸುವುದರಲ್ಲಿ ಇನ್ನೊಂದು ಗೊಂದಲ. ರಿಫಾಂಪಿಸಿನ್ ತಿಂದವರ ಮೂತ್ರ ಕಿತ್ತಳೆ-ಕೆಂಪು ಬಣ್ಣಕ್ಕೆ ತಿರುಗುತ್ತದೆ. ಬೆವರು, ಕಣ್ಣೀರಿಗೂ ಆ ಬಣ್ಣ ಬರಬಹುದು. ಅದು ರೋಗವಲ್ಲ, ಮದ್ದು ಒಳಹೋದದ್ದರ ಸಾಕ್ಷಿ. ಮೊದಲೇ ಹೇಳದಿದ್ದರೆ ಎರಡನೇ ದಿನವೇ ಹೆದರಿ ಬಿಡುವವರಿದ್ದಾರೆ. ನಿಜವಾದ ಅಪಾಯ ಬೇರೆ: ಊಟ ಸೇರದಿರುವುದು, ಬಿಡದ ವಾಕರಿಕೆ, ಹೊಟ್ಟೆಯ ಬಲಮೇಲ್ಭಾಗದಲ್ಲಿ ನೋವು, ಬೆಳಗ್ಗೆ ಬಿಸಿಲಲ್ಲಿ ನೋಡಿದರೆ ಕಣ್ಣಿನ ಬಿಳಿ ಹಳದಿ. ಆ ದಿನವೇ ಮಾತ್ರೆ ನಿಲ್ಲಿಸಿ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ನಮ್ಮೂರಲ್ಲಿ ಕಾಮಾಲೆ ಎಂದ ಕೂಡಲೇ ಕಾಲು ಹೋಗುವುದು ನೆಲನೆಲ್ಲಿ ಅರೆದು ಕೊಡುವವರ ಮನೆಗೆ. ಅಲ್ಲಿ ಎರಡು ಬಗೆಯ ಅನಾಹುತ. ಒಂದು, ಕ್ಷಯದ ಮಾತ್ರೆ ನುಂಗುತ್ತಲೇ ಹಸಿಮದ್ದು ಕುಡಿಯುವುದು. ಇದು ಯಕೃತ್ತು ಪೂರ್ತಿ ಸೋಲುವ ತನಕ ಹೋಗಬಹುದು. ಎರಡು, ಕಾಮಾಲೆ ಇಳಿದ ಮೇಲೆ "ಆ ಮಾತ್ರೆಯ ಸಹವಾಸವೇ ಬೇಡ" ಎಂದು ಮರಳಿ ಹೋಗದಿರುವುದು. ಆಸ್ಪತ್ರೆಯಲ್ಲಿ ಮಾಡುವುದು ಇಷ್ಟು: ಯಕೃತ್ತಿನ ಕಿಣ್ವ ಸಹಜ ಮಿತಿಯ ಮೂರು ಪಟ್ಟು ಏರಿ ಲಕ್ಷಣವೂ ಇದ್ದರೆ, ಅಥವಾ ಲಕ್ಷಣವಿಲ್ಲದೆ ಐದು ಪಟ್ಟು ಏರಿದರೆ, ಆ ಮದ್ದುಗಳನ್ನು ನಿಲ್ಲಿಸುತ್ತಾರೆ. ಇಳಿದ ಮೇಲೆ ಒಂದೊಂದಾಗಿ, ಕೆಲವು ದಿನಗಳ ಅಂತರದಲ್ಲಿ, ಮತ್ತೆ ಶುರು ಮಾಡಿ ಯಾವುದು ಕೆಡಿಸಿತು ಎಂದು ಪತ್ತೆ ಮಾಡುತ್ತಾರೆ. ಕೆಡಿಸಿದ ಒಂದನ್ನು ಬಿಟ್ಟು ಉಳಿದವುಗಳಿಂದ ಚಿಕಿತ್ಸೆ ಮುಗಿಸಬಹುದು. ಕಾಮಾಲೆ ಬಂದರೆ ಚಿಕಿತ್ಸೆ ಮುಗಿಯಿತು ಎಂದಲ್ಲ.

ಸಣ್ಣ ತೊಂದರೆಗಳೂ ಚಿಕಿತ್ಸೆ ಬಿಡಿಸುತ್ತವೆ, ಪುಸ್ತಕಗಳು ಅವನ್ನು ಸಣ್ಣವು ಎಂದು ಕರೆದರೂ. ಕೀಲುನೋವು ಪಿರಾಜಿನಮೈಡಿನದು, ಎರಡು ತಿಂಗಳಿಗೆ ಮುಗಿಯುತ್ತದೆ. ಕಾಲು ಜೋಂಪು, ಉರಿ ಐಸೊನಿಯಾಜಿಡಿನದು, ಪಿರಿಡಾಕ್ಸಿನ್ ಎಂಬ ವಿಟಮಿನ್ ತಡೆಯುತ್ತದೆ. ಕಣ್ಣು ಮಸುಕಾಗುವುದು, ಕೆಂಪು-ಹಸಿರು ಗೊಂದಲವಾಗುವುದು ಎಥಾಂಬ್ಯುಟಾಲಿನದು. ಇದು ಸಣ್ಣದಲ್ಲ, ಕೂಡಲೇ ತೋರಿಸಬೇಕು. ಬೆಳಗ್ಗೆ ಬರಿಹೊಟ್ಟೆಗೆ ಮಾತ್ರೆ ತಿಂದರೆ ಮದ್ದು ಚೆನ್ನಾಗಿ ಹೀರಲ್ಪಡುತ್ತದೆ ನಿಜ, ಆದರೆ ವಾಂತಿಯಾದರೆ ಹೀರುವುದೇನು? ಎರಡು ಇಡ್ಲಿ ತಿಂದು ನುಂಗುವುದು ನುಂಗದಿರುವುದಕ್ಕಿಂತ ಸಾವಿರ ಪಾಲು ಮೇಲು. ಎದೆಯುರಿಗೆ ಕುಡಿಯುವ ಆಂಟಾಸಿಡ್ ಮತ್ತು ಈ ಮಾತ್ರೆಗಳ ನಡುವೆ ಎರಡು ಗಂಟೆ ಅಂತರ ಇರಲಿ. ಒಂದು ದಿನ ತಪ್ಪಿದರೆ ಮರುದಿನ ದುಪ್ಪಟ್ಟು ತಿನ್ನಬಾರದು. ತಪ್ಪಿದ್ದನ್ನು ಕೊನೆಗೆ ಸೇರಿಸಿ ಲೆಕ್ಕ ತುಂಬಿಸಬೇಕು.

ಮದ್ದು ಬಿಡುವ ದೊಡ್ಡ ಕಾರಣ ಯಾವ ತೊಂದರೆಯೂ ಇಲ್ಲದಿರುವುದು. ಐಸೊನಿಯಾಜಿಡ್ ಮೊದಲ ಕೆಲವೇ ದಿನಗಳಲ್ಲಿ ವೇಗವಾಗಿ ಬೆಳೆಯುವ ರೋಗಾಣುಗಳ ಬಹುಭಾಗವನ್ನು ಕೊಲ್ಲುತ್ತದೆ. ಮೂರ್ನಾಲ್ಕು ವಾರಕ್ಕೆ ಜ್ವರ ಬಿಟ್ಟು, ಕೆಮ್ಮು ತಗ್ಗಿ, ಹಸಿವು ಬರುತ್ತದೆ. ಉಳಿದಿರುವುದು ಅರೆನಿದ್ದೆಯಲ್ಲಿರುವ ಸ್ವಲ್ಪ ರೋಗಾಣು. ಅಡಿಕೆ ತೋಟದ ಕಳೆಯ ಗೆಡ್ಡೆಯ ಹಾಗೆ, ಮೇಲೆ ಏನೂ ಕಾಣುವುದಿಲ್ಲ. ಉಳಿದ ಐದು ತಿಂಗಳು ಇರುವುದು ಅದಕ್ಕಾಗಿ. ಮಳೆಗಾಲದ ಮೊದಲು ಶುರುವಾದ ಚಿಕಿತ್ಸೆ ತೋಟಕ್ಕೆ ಮದ್ದು ಸಿಂಪಡಿಸುವ, ಗದ್ದೆಯಲ್ಲಿ ನೇಜಿ ನೆಡುವ ದಿನಗಳಲ್ಲಿ ನಿಲ್ಲುತ್ತದೆ. ಬೀಡಿ ಕಟ್ಟುವ ಹೆಂಗಸಿಗೆ ಆಸ್ಪತ್ರೆಯ ಒಂದು ದಿನ ಎಂದರೆ ಕಟ್ಟದೆ ಉಳಿದ ಬೀಡಿಯ ಲೆಕ್ಕ. ಇದನ್ನು ಹಟ ಎಂದೋ ಅಜ್ಞಾನ ಎಂದೋ ಕರೆಯುವುದು ಸುಲಭ. ತಿಂಗಳ ಮಾತ್ರೆಯನ್ನು ಹತ್ತಿರದ ಉಪಕೇಂದ್ರದಲ್ಲಿ ಕೊಡುವುದು, ಬೋಟಿಗೆ ಹೋಗುವವನಿಗೆ ಹೋಗುವ ಮೊದಲೇ ಅಷ್ಟೂ ದಿನದ್ದು ಕಟ್ಟಿ ಕೊಡುವುದು ಕಷ್ಟವೇನಲ್ಲ. ಸತತ ಒಂದು ತಿಂಗಳು ತಪ್ಪಿದರೆ ನಮ್ಮ ರಾಷ್ಟ್ರೀಯ ಕಾರ್ಯಕ್ರಮ ಅವರನ್ನು ಕೈತಪ್ಪಿದವರ ಸಾಲಿಗೆ ಹಾಕುತ್ತದೆ. ನಿಜವಾಗಿ ನೋಡಬೇಕಾದ್ದು ಮಾತ್ರೆ ತಪ್ಪಿದ ಮೂರನೇ ದಿನ.

ಈ ಜಿಲ್ಲೆಗೆ ಮಾತ್ರ ವಿಶೇಷವಾದ ಅಪಾಯವೊಂದಿದೆ. 1956ರ ತನಕ ಕಾಸರಗೋಡು ದಕ್ಷಿಣ ಕನ್ನಡದ ತಾಲೂಕು. ಗಡಿ ಸರಿದರೂ ಕಾಯಿಲೆಯ ಕಾಲು ಮಂಗಳೂರಿನ ಕಡೆಗೇ. ಕೆಮ್ಮು ಹೆಚ್ಚಾದರೆ ಉಪ್ಪಳದವರೂ ಬದಿಯಡ್ಕದವರೂ ಬಸ್ಸು ಹತ್ತುವುದು ಉತ್ತರಕ್ಕೆ. ಅಲ್ಲಿ ಪತ್ತೆಯಾಗುತ್ತದೆ, ಹೆಸರು ಕ್ಷಯ ರೋಗಿಗಳ ರಾಷ್ಟ್ರೀಯ ದಾಖಲೆಯಾದ ನಿಕ್ಷಯ್ ಜಾಲದಲ್ಲಿ ದಾಖಲಾಗಿ ಒಂದು ಐಡಿ ಸಿಗುತ್ತದೆ, ಒಂದು ವಾರದ ಮಾತ್ರೆ ಸಿಗುತ್ತದೆ, "ಉಳಿದದ್ದು ನಿಮ್ಮೂರಲ್ಲಿ" ಎಂಬ ಮಾತು ಸಿಗುತ್ತದೆ. ತೆರೆಯ ಮೇಲೆ ರೋಗಿಯನ್ನು ಕೇರಳಕ್ಕೆ ವರ್ಗಾಯಿಸಿ ಆಗಿರುತ್ತದೆ. ಮನುಷ್ಯ ಮಾತ್ರ ವರ್ಗವಾಗಿರುವುದಿಲ್ಲ. ಫೋನ್ ನಂಬರು ಜೊತೆಗೆ ಬಂದ ಅಳಿಯನದು, ವಿಳಾಸ ಆ ವಾರ ಉಳಿದುಕೊಂಡ ಸಂಬಂಧಿಕರ ಮನೆಯದು. ಆ ಕಡೆಯವರಿಗೆ ಅವನು ಕಳುಹಿಸಿದವನು, ಈ ಕಡೆಯವರಿಗೆ ಬಾರದವನು. ಎಂಟನೇ ದಿನ ಮಾತ್ರೆ ಮುಗಿಯುತ್ತದೆ.

ಇದನ್ನು ತಡೆಯುವುದು ದೊಡ್ಡ ಯೋಜನೆಗಳಲ್ಲ. ಬಿಡುಗಡೆಗೆ ಮೊದಲು, ರೋಗಿ ಎದುರಿಗೇ ಇರುವಾಗ, ಅವನ ಪಂಚಾಯತಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಒಂದು ಫೋನ್. ಎರಡು ನಂಬರು, ಒಂದು ಮನೆಯಲ್ಲೇ ಇರುವವರದು. ವಿಳಾಸದಲ್ಲಿ ವಾರ್ಡು, ಹತ್ತಿರದ ಶಾಲೆಯ ಹೆಸರು. ಏಳರ ಬದಲು ಕನಿಷ್ಠ 15 ದಿನದ ಮಾತ್ರೆ. ರೋಗಿಯ ಕೈಯಲ್ಲಿ ನಿಕ್ಷಯ್ ಐಡಿ ಬರೆದ ಚೀಟಿ, ಅದರ ಫೋಟೊ ಮನೆಯ ಇಬ್ಬರ ಮೊಬೈಲಿನಲ್ಲಿ. ಈ ಐಡಿ ದೇಶವಿಡೀ ನಡೆಯುತ್ತದೆ, ಮುಂಬಯಿಯ ಹೋಟೆಲಿಗೆ ಮರಳಿದರೂ ಅಲ್ಲಿ ಮಾತ್ರೆ ಮುಂದುವರಿಯುತ್ತದೆ. ದಾರಿ ತೋಚದಿದ್ದರೆ 1800-11-6666 ಎಂಬ ಉಚಿತ ಸಹಾಯವಾಣಿ ಇದೆ. 2020ರ ಮಾರ್ಚಿನಲ್ಲಿ ತಲಪಾಡಿಯ ರಸ್ತೆ ಮುಚ್ಚಿದಾಗ ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದವರಿಗೆ ಏನಾಯಿತೆಂದು ಇಡೀ ಜಿಲ್ಲೆ ನೋಡಿದೆ, ಹೈಕೋರ್ಟು ಮಧ್ಯೆ ಬರಬೇಕಾಯಿತು. ಪತ್ತೆ ಎಲ್ಲಿ ಬೇಕಾದರೂ ಆಗಲಿ, ಆರು ತಿಂಗಳ ಮಾತ್ರೆ ಮನೆಯ ಹತ್ತಿರದ್ದೇ ಆಗಬೇಕು.

ಖಾಸಗಿಯಿಂದ ಸರಕಾರಿಗೆ ಬದಲಾದಾಗ ಇನ್ನೊಂದು ಎಡವಟ್ಟು. ಅಂಗಡಿಯ ಕಿಟ್ಟಿನಲ್ಲಿ ಮಾತ್ರೆಗಳ ಆಕಾರ, ಲೆಕ್ಕ ಬೇರೆ, ಇಲ್ಲಿ ಒಂದೇ ಬಣ್ಣದ ಮೂರೋ ನಾಲ್ಕೋ. ಅಲ್ಲಿಯದ್ದು ಉಳಿದಿದೆ ಎಂದು ಎರಡನ್ನೂ ತಿನ್ನುವವರಿದ್ದಾರೆ, ಒಂದೇ ಒಂದು ತಿನ್ನುವವರೂ ಇದ್ದಾರೆ. ಹಳೆಯ ಪಟ್ಟಿ ವಾಪಸು ತರಿಸಿಕೊಂಡೇ ಹೊಸದು ಕೊಡಬೇಕು. ಮನೆಯ ಮಾತು ಕನ್ನಡವೋ ತುಳುವೋ ಬ್ಯಾರಿಯೋ ಆಗಿದ್ದು ಕಾರ್ಡು ಮಲಯಾಳದಲ್ಲಿದ್ದರೆ ಹಿಂಬದಿಯಲ್ಲಿ ದಿನಕ್ಕೆಷ್ಟು ಎಂದು ಗೆರೆ ಎಳೆದು ಕೊಟ್ಟರೂ ಸಾಕು.

ಮದ್ದಿಗೆ ಬಗ್ಗದ ರೋಗಾಣುವಿನ ಮಾತಿಗೆ ಬರೋಣ. ಹಿಂದೆ ಅರ್ಧಕ್ಕೆ ಬಿಟ್ಟವರು, ಒಮ್ಮೆ ಗುಣವಾಗಿ ಮರಳಿ ಬಂದವರು, ಮನೆಯಲ್ಲಿ ಪ್ರತಿರೋಧದ ಕ್ಷಯ ಇದ್ದವರು, ಇವರಲ್ಲಿ ಅದರ ಸಾಧ್ಯತೆ ಹೆಚ್ಚು. ಆದರೂ ಪ್ರತಿಯೊಬ್ಬರ ಕಫವೂ ಮೊದಲ ಮಾತ್ರೆಗೆ ಮುಂಚೆ ಸಿಬಿನಾಟ್ ಅಥವಾ ಟ್ರೂನಾಟ್ ಎಂಬ ಜೀನ್ ಪರೀಕ್ಷೆಯ ಯಂತ್ರಕ್ಕೆ ಹೋಗಬೇಕು. ಸಿಬಿನಾಟ್ ಸುಮಾರು ಎರಡು ಗಂಟೆಯಲ್ಲಿ ರಿಫಾಂಪಿಸಿನ್ ನಡೆಯುತ್ತದೋ ಇಲ್ಲವೋ ಹೇಳುತ್ತದೆ. ಐಸೊನಿಯಾಜಿಡ್ ಒಂದಕ್ಕೇ ಪ್ರತಿರೋಧ ಇದ್ದರೆ ಈ ಮಾಮೂಲು ಪರೀಕ್ಷೆ ಹಿಡಿಯುವುದಿಲ್ಲ, ಅದಕ್ಕೆ ಎಲ್‌ಪಿಎ ಎಂಬ ಬೇರೆ ಪರೀಕ್ಷೆ ಬೇಕು. ಆ ವರದಿ ತಡವಾಗಿ ಬಂದು ಯಾರದೋ ಮೇಜಿನಲ್ಲಿ ಕೂರುವುದೂ ಉಂಟು, ಆದ್ದರಿಂದ "ಎಲ್‌ಪಿಎ ಬಂತೇ" ಎಂದು ಒಂದು ತಿಂಗಳೊಳಗೆ ಕೇಳುವುದು ರೋಗಿಯ ಹಕ್ಕು. ಪರೀಕ್ಷೆಗೆ ಕೊಡಬೇಕಾದದ್ದು ಬೆಳಗ್ಗೆ ಆಳದಿಂದ ಕೆಮ್ಮಿ ತೆಗೆದ ಕಫ, ಕನಿಷ್ಠ 2 ಮಿಲಿಲೀಟರ್. ಎಂಜಲು ಕೊಟ್ಟು "ನೆಗೆಟಿವ್" ಎಂದು ಸಮಾಧಾನಪಟ್ಟವರ ತಡವೇ ಎಷ್ಟೋ ತಿಂಗಳು. ಇನ್ನೊಂದು ತಡ ಲೆವೊಫ್ಲಾಕ್ಸಾಸಿನ್‌ನಿಂದ. ವಯಸ್ಸಾದವರ ಕೆಮ್ಮಿಗೆ ಕಫದ ಪರೀಕ್ಷೆ ಮಾಡದೆ ಈ ಗುಂಪಿನ ಆಂಟಿಬಯಾಟಿಕ್ ಬರೆದಾಗ ಕ್ಷಯ ಹತ್ತು ದಿನ ತಗ್ಗಿದಂತೆ ನಟಿಸುತ್ತದೆ. ರೋಗ ಪತ್ತೆಯೂ ಮುಂದೆ ಹೋಗುತ್ತದೆ, ಪ್ರತಿರೋಧದ ಕ್ಷಯಕ್ಕೆ ಬೇಕಾಗುವ ಒಂದು ಒಳ್ಳೆಯ ಮದ್ದೂ ಹಾಳಾಗಬಹುದು.

ಎರಡನೇ ತಿಂಗಳ ಕೊನೆಯ ಕಫ ಪರೀಕ್ಷೆಯನ್ನು "ಈಗ ಕಫವೇ ಇಲ್ಲ" ಎಂದು ಬಿಡುವವರು ಹೆಚ್ಚು. ಆಗಲೂ ರೋಗಾಣು ಕಂಡರೆ ಪ್ರತಿರೋಧದ ಪರೀಕ್ಷೆ ಮತ್ತೆ ಮಾಡಿಸಬೇಕು. ಮೊದಲ ಎಕ್ಸ್‌ರೇಯಲ್ಲಿ ಶ್ವಾಸಕೋಶದಲ್ಲಿ ಕುಳಿ ಬಿದ್ದಿದ್ದು, ಎರಡನೇ ತಿಂಗಳಿಗೂ ಕಫದ ಕಲ್ಚರಿನಲ್ಲಿ ರೋಗಾಣು ಬೆಳೆದರೆ, ಅಮೆರಿಕದ ಹಳೆಯ ಅಧ್ಯಯನವೊಂದರಲ್ಲಿ ಐವರಲ್ಲಿ ಒಬ್ಬರಿಗೆ ಕ್ಷಯ ಮರಳಿತ್ತು. ಎರಡೂ ಇಲ್ಲದವರಲ್ಲಿ ನೂರಕ್ಕೆ ಇಬ್ಬರಿಗೆ. ಬೀಡಿ-ಸಿಗರೇಟು ಮುಂದುವರಿಸುವವರಲ್ಲೂ ಮರಳುವುದು ಹೆಚ್ಚು. ಎಚ್‌ಐವಿ ಇದ್ದರೆ ಅದರ ಚಿಕಿತ್ಸೆಯನ್ನು ಎರಡು ವಾರದೊಳಗೆ ಶುರು ಮಾಡಬೇಕು, ಮಿದುಳಿನ ಪೊರೆಯ ಕ್ಷಯವಿದ್ದರೆ ಮಾತ್ರ ಕಾಯುತ್ತಾರೆ. ಡೊಲುಟೆಗ್ರಾವಿರ್ ಎಂಬ ಎಚ್‌ಐವಿ ಮದ್ದು ತಿನ್ನುವವರಿಗೆ ರಿಫಾಂಪಿಸಿನ್ ಕಾರಣದಿಂದ 50 ಮಿಲಿಗ್ರಾಂ ದಿನಕ್ಕೆ ಎರಡು ಬಾರಿ ಬೇಕಾಗುತ್ತದೆ.

ಕೊನೆಗೆ ಗಲ್ಫಿನ ವಿಷಯ, ಇಲ್ಲಿ ಅದಿಲ್ಲದ ಮನೆ ಕಡಿಮೆ. ವೀಸಾದ ವೈದ್ಯಕೀಯ ಪರೀಕ್ಷೆಯಲ್ಲಿ ಎದೆಯ ಎಕ್ಸ್‌ರೇ ಇರುತ್ತದೆ, ಗುಣವಾದ ಕ್ಷಯದ ಕಲೆ ಕಂಡರೂ "ಅನ್‌ಫಿಟ್" ಬೀಳಬಹುದು. ಈ ಹೆದರಿಕೆಯಿಂದ ಹುಡುಗರು ಹೆಸರು ದಾಖಲಾಗದ ಕಡೆ ಹೋಗುತ್ತಾರೆ, ಎರಡು ತಿಂಗಳಿಗೆ ಚೆನ್ನಾಗಿ ಕಂಡ ಕೂಡಲೇ ಟಿಕೆಟು ಮಾಡುತ್ತಾರೆ, ಅಲ್ಲಿ ಉಳಿದ ಮಾತ್ರೆ ನುಂಗುವುದನ್ನು ರೂಮಿನವರಿಂದ ಮುಚ್ಚಿಡುತ್ತಾರೆ. ತಡವಾದಷ್ಟೂ, ಅರ್ಧಕ್ಕೆ ಬಿಟ್ಟಷ್ಟೂ ಶ್ವಾಸಕೋಶದಲ್ಲಿ ಕಲೆ ದೊಡ್ಡದೇ ಆಗುತ್ತದೆ, ಅಡಗಿಸಲು ಹೊರಟದ್ದು ಇನ್ನಷ್ಟು ಎದ್ದು ಕಾಣುತ್ತದೆ. ಹೋಗಲೇಬೇಕಾದವರು ಆರು ತಿಂಗಳು ಮುಗಿಸಿ, ಕೊನೆಯ ಕಫದ ವರದಿ, ಚಿಕಿತ್ಸೆ ಪೂರ್ಣಗೊಂಡ ಪ್ರಮಾಣಪತ್ರ, ಮೊದಲ ಮತ್ತು ಕೊನೆಯ ಎಕ್ಸ್‌ರೇಯ ಫಿಲ್ಮು, ಇಷ್ಟನ್ನು ಒಂದೇ ಕವರಿನಲ್ಲಿ ಇಟ್ಟುಕೊಳ್ಳಬೇಕು. ಮುಂದೆ ಯಾವ ಡಾಕ್ಟರು ಆ ಕಲೆ ನೋಡಿದರೂ ಅದು ಹಳೆಯದೋ ಹೊಸದೋ ಎಂದು ತೀರ್ಮಾನಿಸಲು ಹೋಲಿಕೆಗೆ ಬೇಕಾಗುವುದು ಅದೇ ಫಿಲ್ಮು. ಚಿಕಿತ್ಸೆ ಮುಗಿದ ಮೇಲೆ 6, 12, 18, 24ನೇ ತಿಂಗಳಲ್ಲಿ ತೋರಿಸಿಕೊಳ್ಳಬೇಕೆಂಬ ನಿಯಮವಿದೆ. ರಜೆಗೆ ಊರಿಗೆ ಬಂದಾಗಿನ ಒಂದು ಬೆಳಗ್ಗೆಯನ್ನು ಅದಕ್ಕೆ ಇಡಬಹುದು, ತೂಕ ಮತ್ತು ಶುಗರನ್ನೂ ಅದೇ ದಿನ ನೋಡಿಸಿಕೊಂಡು.